ನಾವು ಹನ್ನೊಂದು ಮಂದಿ, ಗ್ರಾಹಕ ಒಂದು

ಮಾರ್ಚ್ ೨, ಸೋಮವಾರ

ಪ್ರೆಸ್ಸಿನ ಕಂಪ್ಯೂಟರ್ ಮನೆಗೆ ಬಂತು. ಹೆಂಡತಿ ಡ್ರೈವಿಂಗ್ ಕಲಿಸುವವಳಾದ್ದರಿಂದ ಅವಳ ಶಾಲೆಯ ಕಾರಿನಲ್ಲೇ ತಂದೆವು. ಓಡಿಸಿದವರು ಅರವತ್ತು ದಾಟಿದ ಒಬ್ಬ ವಿದ್ಯಾರ್ಥಿನಿ, ಅವರಿಗೆ ಇವತ್ತು ಮೂರನೇ ಪಾಠ. ಅವರು ಬ್ರೇಕ್ ಒತ್ತಿದಾಗಲೆಲ್ಲ ನನ್ನ ತೊಡೆಯ ಮೇಲಿದ್ದ ಮಾನಿಟರ್ ಮುಂದಕ್ಕೆ ಬಾಗಿ ಮತ್ತೆ ನನ್ನ ಎದೆಗೆ ಗುದ್ದುತ್ತಿತ್ತು. ಹದಿನೆಂಟು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಇವಳು ಅವರಿಗೆ ಒಂದು ಮಾತೂ ಬೈಯಲಿಲ್ಲ. ನಾನು ಕಾರು ಕಲಿಯಲು ಹೋದಾಗ ಮೊದಲ ತಿರುವಿನಲ್ಲೇ ಕೆಳಗಿಳಿಸಿದ್ದಳು.

ವಿಷಯ ಇಷ್ಟು. ಪ್ರೆಸ್ಸಿನ ಮೇಲಿನ ಮಹಡಿ ಖಾಲಿ ಮಾಡುತ್ತಿದ್ದಾರೆ. ನಾನು ಇಪ್ಪತ್ತೇಳು ವರ್ಷದಿಂದ ಕರಡು ತಿದ್ದುತ್ತಿದ್ದ ಮೇಜು ಆ ಮಹಡಿಯಲ್ಲಿದೆ. ಇನ್ನು ಕರಡು ಬ್ರಾಡ್‌ಬ್ಯಾಂಡಿನಲ್ಲಿ ಮನೆಗೇ ಬರುತ್ತದಂತೆ, ತಿದ್ದಿ ಅದರಲ್ಲೇ ವಾಪಸ್ಸು ಕಳಿಸಬೇಕಂತೆ. ತಿಂಗಳ ಕೊನೆಗೆ ಪರೀಕ್ಷೆಗೆಂದು ಒಂದು ಕರಡು ಬರುತ್ತದೆ. ಮೂವತ್ತೊಂದನೇ ತಾರೀಕು ಸಂಜೆ ಐದರೊಳಗೆ ಅದು ವಾಪಸ್ಸು ಮುಟ್ಟಿದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲವಾದರೆ ಹೊರಗಿನವರಿಗೆ ಕೊಡುತ್ತೇವೆ ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದರು. ನನಗೆ ಐವತ್ತನಾಲ್ಕು. ಬೇರೆಯವರ ತಪ್ಪು ಹುಡುಕುವುದು ಬಿಟ್ಟರೆ ಇನ್ನೊಂದು ಕಸುಬು ಬರುವುದಿಲ್ಲ. ಭಯವಾಗುತ್ತಿದೆ.

ಆದರೂ ಒಂದು ಧೈರ್ಯ. ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್ ಜೋಡಿಸುವ ಕೈಪಿಡಿ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ಮೂವತ್ತೆರಡು ಪುಟ. ನಾಲ್ಕು ವರ್ಷದ ಹಿಂದೆ ನಾನೇ ಮೂರು ಸಲ ಓದಿ ತಿದ್ದಿದ್ದೇನೆ. ಎಲ್ಲೂ ಒಂದು ಕೊಂಬು, ಒಂದು ಒತ್ತು ತಪ್ಪಿಲ್ಲ. ಅದರಲ್ಲಿ ಇರುವ ಹಾಗೆ ಮಾಡಿದರೆ ಮುಗಿಯಿತು.

(ಮೇಲೆ ‘ವಾಪಸ್ಸು’ ಎರಡು ಸಲ ಬಂದಿದೆ. ಎರಡನೆಯದನ್ನು ‘ಮರಳಿ’ ಎಂದು ಓದುವುದು.)

ಮಾರ್ಚ್ ೪, ಬುಧವಾರ

ಲೈನಿನವರು ಬಂದು ಗೋಡೆ ಕೊರೆದರು. ಮೊದಲ ತೂತು ಅಡುಗೆಮನೆಗೆ ಹೋಯಿತು. ಎರಡನೆಯದು ಬಟ್ಟೆಯ ಕಪಾಟಿನೊಳಗೆ ತೆರೆದುಕೊಂಡಿತು. ಮೂರನೆಯದು ಸರಿಯಾದ ಕೋಣೆಗೇ ಬಂತು, ಆದರೆ ಮೇಜಿರುವ ಮೂಲೆ ಬಿಟ್ಟು ಎದುರು ಮೂಲೆಗೆ. ಈಗ ಕೇಬಲ್ ಕೋಣೆಯ ನಟ್ಟನಡುವೆ ಮೊಣಕಾಲೆತ್ತರದಲ್ಲಿ ಹಾದುಹೋಗಿದೆ.

"ದಾಟ್ಕೊಂಡು ಓಡಾಡಿ ಸರ್, ಅಭ್ಯಾಸ ಆಗೋಗುತ್ತೆ" ಎಂದರು.

"ಸೆಟ್ಟಿಂಗ್ ನೀವೇ ಮಾಡಿಕೊಡಲ್ವಾ?"

"ಅದು ನಮ್ಮ ಕೆಲ್ಸ ಅಲ್ಲ. ಪುಸ್ತಕ ಕೊಟ್ಟಿದಾರಲ್ಲ, ನೋಡ್ಕೊಂಡು ಮಾಡ್ಕೊಳ್ಳಿ."

"ಆ ಪುಸ್ತಕ ತಿದ್ದಿದ್ದೇ ನಾನು."

"ಮತ್ತಿನ್ನೇನು, ಅನುಮಾನ ಬಂದ್ರೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ."

ಹೋಗುವಾಗ ಒಂದು ಲಕೋಟೆ ಕೊಟ್ಟರು. ಕೈಪಿಡಿಯಲ್ಲಿ ಲಕೋಟೆಯ ಪ್ರಸ್ತಾಪವೇ ಇಲ್ಲ. ಏನೋ ಜಾಹೀರಾತು ಇರಬೇಕು. ಒಡೆಯದೆ ಫೋನಿನ ಕೆಳಗೆ ಇಟ್ಟೆ.

ಮಾರ್ಚ್ ೫, ಗುರುವಾರ

ಗೆದ್ದೆ. ಬೆಳಗ್ಗೆ ಒಂಬತ್ತಕ್ಕೆ ಕೂತವನು ಹನ್ನೊಂದಕ್ಕೆ ಎದ್ದೆ.

ಪುಟ ಹತ್ತರಿಂದ ಹದಿಮೂರರವರೆಗೆ ಅಂಕಿಗಳ ಕಾಟ. ಐಪಿ ವಿಳಾಸ, ಅದರ ಕೆಳಗೆ ಗೇಟ್‌ವೇ, ಅದರ ಕೆಳಗೆ ಡಿಎನ್‌ಎಸ್. ನಾಲ್ಕು ವರ್ಷದ ಹಿಂದೆ ಕರಡಿನಲ್ಲಿ ‘ಡಿಎನ್‌ಎಸ್’ ಪಕ್ಕ ‘ಇದೇನು?’ ಎಂದು ಬರೆದು ಕಳಿಸಿದ್ದೆ. ‘ಇರಲಿ ಬಿಡಿ’ ಎಂದು ಉತ್ತರ ಬಂದಿತ್ತು. ಹಾಗಾಗಿ ಇರಲಿ ಎಂದು ಬಿಟ್ಟು, ಅಂಕಿ ಅಂಕಿ ನೋಡಿ ಕೂರಿಸಿದೆ. ಪುಟ ಹದಿನಾಲ್ಕರಲ್ಲಿ ಗ್ರಾಹಕರ ವಿವರ ಇದೆ. ಹೆಸರು: ಗ್ರಾಹಕ ೧. ಗುಪ್ತಪದ: ಗುಪ್ತಪದ ೧. ಹುಟ್ಟಿದ ದಿನ: ೧-೧-೧೯೦೧. ವಿಳಾಸ: ಮನೆ ಸಂಖ್ಯೆ ೧, ಒಂದನೇ ಅಡ್ಡರಸ್ತೆ. ಎಲ್ಲವನ್ನೂ ಹಾಗೇ ತುಂಬಿದೆ.

ಇವಳು ಕಾಫಿ ಹಿಡಿದು ಹಿಂದೆ ನಿಂತಿದ್ದಳು. "ರೀ, ಅದು ನಿಮ್ಮ ಹೆಸರಲ್ಲವಲ್ಲ."

"ಪುಸ್ತಕದಲ್ಲಿ ಹಾಗೇ ಇದೆ."

"ಸುಮ್ನೆ ತೋರಿಸೋಕೆ ಹಾಕಿರ್ತಾರೆ. ನಿಮ್ದು ನೀವು ಬರೀಬೇಕು."

"ಹಾಗಿದ್ರೆ ಅದನ್ನ ಅಚ್ಚು ಮಾಡ್ತಿದ್ರು. ಮೂರು ಸಲ ಓದಿದೀನಿ ಕಣೇ, ಅಂಥ ಸಾಲು ಒಂದೂ ಇಲ್ಲ."

"ರಸ್ತೇಲಿ ‘ಹಂಪ್ ಇದೆ’ ಅಂತ ಬೋರ್ಡ್ ಇಲ್ದಿದ್ರೆ ಹಂಪೇ ಇಲ್ಲ ಅಂತಾನಾ?"

ನಾನು ‘ಸಂಪರ್ಕಿಸು’ ಒತ್ತಿದೆ. ಮೋಡೆಮ್ಮಿನಲ್ಲಿ ಮೂರು ದೀಪ ಒಂದಾದ ಮೇಲೊಂದು ಹಸಿರಾದವು. ‘ಸ್ವಾಗತ, ಗ್ರಾಹಕ ೧’ ಎಂದು ಪರದೆಯ ಮೇಲೆ ಬಂತು. ಇವಳ ಮುಖ ನೋಡಬೇಕಿತ್ತು. ಅಚ್ಚಾದದ್ದನ್ನು ನಂಬದವರ ಗತಿ ಇಷ್ಟೇ.

ಮಾರ್ಚ್ ೬, ಶುಕ್ರವಾರ

ಏಳು ನಿಮಿಷಕ್ಕೊಮ್ಮೆ ಲೈನು ಕಡಿಯುತ್ತಿದೆ. ಕೆಲವು ಸಲ ನಾಲ್ಕೇ ನಿಮಿಷ. ಮತ್ತೆ ಒತ್ತಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಪ್ರೆಸ್ಸಿಗೆ ‘ಸಂಪರ್ಕ ಸಿದ್ಧವಾಗಿದೆ’ ಎಂದು ಎರಡು ಸಾಲು ಬರೆಯುವಷ್ಟರಲ್ಲಿ ಐದು ಸಲ ಕಡಿಯಿತು. ತಲೆ ಕೆಟ್ಟುಹೋಯಿತು. ಸಹಾಯವಾಣಿಗೆ ಫೋನ್ ಮಾಡಿದೆ.

ಎತ್ತಿದ ಹುಡುಗಿ ಹೆಸರು ಕೇಳಿದಳು, ‘ಗ್ರಾಹಕ ೧’ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ನಂತರ ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಮಾತಾಡತೊಡಗಿದಳು.

"ತಾತಾ, ನಿಮಗೆ ನೂರಿಪ್ಪತ್ತು ದಾಟಿದೆ. ನೀವು ಹೀಗೆ ಕಾಯೋದು ಬೇಡ. ಹಿರಿಯರ ಸಾಲಿಗೆ ಹಾಕ್ತೀನಿ. ಕೇಳಿಸ್ತಿದ್ಯಾ?"

"ನನಗೆ ಅಷ್ಟೆಲ್ಲ ವಯಸ್ಸಾಗಿಲ್ಲಮ್ಮ."

"ಹಾಗೇ ಅಂದ್ಕೊಂಡಿರ್ಬೇಕು ತಾತಾ, ಅದೇ ಒಳ್ಳೇದು. ಮನೇಲಿ ಇನ್ಯಾರಿದಾರೆ?"

"ಹೆಂಡತಿ ಇದಾಳೆ."

"ಅಯ್ಯೋ, ಅಜ್ಜೀನೂ ಇದಾರಾ. ಅವರ ಕೈಗೆ ಕೊಡಿ, ಮಾತಾಡ್ತೀನಿ."

ಅಜ್ಜಿ ಆಗಷ್ಟೇ ಕೆಲಸ ಮುಗಿಸಿ ಬಂದು, ಬೆರಳಲ್ಲಿ ಕಾರಿನ ಕೀ ತಿರುಗಿಸುತ್ತಾ ನಿಂತಿದ್ದಳು. ಅವಳಿಗೆ ನಲವತ್ತೊಂಬತ್ತು. ಸಹಾಯವಾಣಿಯವಳು ಅವಳಿಗೆ ಏನು ಹೇಳಿದಳೋ, ಅವಳು ಏನು ಹೇಳಿದಳೋ ಇಲ್ಲಿ ಬರೆಯುವಂತಿಲ್ಲ.

ಮಾರ್ಚ್ ೭, ಶನಿವಾರ

ಕಂಪನಿಯಿಂದ ಸಂದೇಶ: ‘ನಮ್ಮ ತಂತ್ರಜ್ಞರು ಇಂದು ನಿಮ್ಮ ವಿಳಾಸಕ್ಕೆ ಭೇಟಿ ನೀಡಿದ್ದರು. ನಿಮ್ಮ ಮನೆ ಇರಲಿಲ್ಲ. ದೂರನ್ನು ಪರಿಹರಿಸಲಾಗಿದೆ.’

‘ನೀವು ಮನೆಯಲ್ಲಿ ಇರಲಿಲ್ಲ’ ಎಂದಿರಬೇಕು. ಎಂಥೆಂಥವರ ಕೈಯಲ್ಲಿ ಬರೆಸುತ್ತಾರೋ.

ಮಾರ್ಚ್ ೯, ಸೋಮವಾರ

ವಿಚಿತ್ರ. ಕಂಪನಿ ಪ್ರತಿ ಗ್ರಾಹಕನಿಗೂ ಒಂದು ಇಮೇಲ್ ಪೆಟ್ಟಿಗೆ ಕೊಡುತ್ತದೆ. ಇವತ್ತು ನನ್ನದನ್ನು ಸರಿಯಾಗಿ ನೋಡಿದೆ. ನಾನು ಬರೆಯದ ಇನ್ನೂರ ಹದಿನಾರು ಪತ್ರ ನನ್ನ ಹೆಸರಲ್ಲಿ ಹೋಗಿವೆ. ಯಾರೋ ಒಬ್ಬರ ದವಡೆ ಹಲ್ಲು ಮಂಗಳವಾರ ಕೀಳುತ್ತೇನೆಂದು ನಾನು ಮಾತು ಕೊಟ್ಟಿದ್ದೇನೆ. ಮೂರು ಲಿವರಿನ ಬೀಗ ಐವತ್ತಕ್ಕೆ ಆರ್ಡರ್ ಮಾಡಿದ್ದೇನೆ. ಒಬ್ಬ ಸೊಸೆಗೆ ‘ಮಗುವಿಗೆ ಆ ಔಷಧಿ ಕೊಡಬೇಡ ಎಂದು ಎಷ್ಟು ಸಲ ಬಡ್ಕೋಬೇಕು’ ಎಂದು ಗದರಿದ್ದೇನೆ.

ಮೇಲುಗಡೆ, ಇವತ್ತಿನ ತಾರೀಕಿನಲ್ಲಿ, ಗ್ರಾಹಕ ಒಂದರಿಂದ ಗ್ರಾಹಕ ಒಂದಕ್ಕೆ ಒಂದು ಪತ್ರ: ‘ನನ್ನ ಪೆಟ್ಟಿಗೆಗೆ ಕೈ ಹಾಕ್ತಿರೋ ಕಳ್ಳ ನೀನ್ಯಾರು. ಮುವತ್ತು ವರ್ಷ ವಾರ್ಡು ನೋಡ್ಕೊಂಡವಳು ನಾನು. ನಿನ್ನಂತವರನ್ನ ಬಹಳ ನೋಡಿದೀನಿ.’

‘ಮೂವತ್ತು’ ದೀರ್ಘ, ‘ನಿನ್ನಂಥವರು’ ಮಹಾಪ್ರಾಣ ಎಂದು ತಿದ್ದಿ ಉತ್ತರ ಕಳಿಸಿದೆ. ಕಳ್ಳ ನಾನಲ್ಲ ಎಂದು ಬರೆಯುವಷ್ಟರಲ್ಲಿ ಲೈನು ಕಡಿಯಿತು.

ಮಾರ್ಚ್ ೧೧, ಬುಧವಾರ

ಸಂಗತಿ ಬಯಲಾಯಿತು. ನಾವು ಹನ್ನೊಂದು ಮಂದಿ ಇದ್ದೇವೆ. ಹನ್ನೊಂದೂ ಜನ ಕೈಪಿಡಿಯನ್ನು ಅಕ್ಷರಶಃ ಪಾಲಿಸಿದವರು. ಹನ್ನೊಂದೂ ಜನ ಗ್ರಾಹಕ ಒಂದು. ಆ ಹೆಸರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಲೈನಿನಲ್ಲಿ ಇರಬಹುದು. ಹೊಸಬರು ಒತ್ತಿದ ಕೂಡಲೇ ಇದ್ದವರನ್ನು ಆಚೆಗೆ ತಳ್ಳುತ್ತದೆ. ಇಷ್ಟು ದಿನ ಹನ್ನೊಂದು ಮನೆಗಳಲ್ಲಿ ಹನ್ನೊಂದು ಜನ ಹಲ್ಲು ಕಚ್ಚಿಕೊಂಡು ಒಬ್ಬರನ್ನೊಬ್ಬರು ತಳ್ಳುತ್ತಾ ಕೂತಿದ್ದೆವು.

ಇದನ್ನು ಕಂಡುಹಿಡಿದವರು ಹೆಡ್ ನರ್ಸ್, ಆ ‘ಮುವತ್ತು ವರ್ಷ’ದವರು, ಈಗ ನಿವೃತ್ತರು. ಉಳಿದವರಲ್ಲಿ ಒಬ್ಬರು ದಂತವೈದ್ಯರು, ಒಬ್ಬರು ಬೀಗ ರಿಪೇರಿಯವರು. ಮಿಕ್ಕವರ ಪರಿಚಯ ಇನ್ನೂ ಆಗಬೇಕು. ಪತ್ರದ ಕೆಳಗೆ ಎಲ್ಲರೂ ‘ಇಂತಿ, ಗ್ರಾಹಕ ಒಂದು’ ಎಂದೇ ಹಾಕುವುದರಿಂದ ಕಷ್ಟ.

ಇವಳಿಗೆ ಹೇಳಿದೆ. ನಗುತ್ತಾ ಕೂತವಳು ಎದ್ದೇ ಇಲ್ಲ. "ಹತ್ತು ಜನ ಸಿಕ್ಕಿದ್ರಲ್ಲ ರೀ, ನಿಮ್ಮಂಥೋರು. ನಾನು ನೀವೊಬ್ರೇ ಅಂದ್ಕೊಂಡಿದ್ದೆ."

ಲೈನಿನವರ ಲಕೋಟೆ ನೆನಪಾಗಿ ಹುಡುಕಿದೆ. ಇವಳು ಅದರ ಬೆನ್ನಿಗೆ ರಿವರ್ಸ್ ಪಾರ್ಕಿಂಗಿನ ಚಿತ್ರ ಬರೆದು ಆ ಅರವತ್ತು ದಾಟಿದವರಿಗೆ ಪಾಠ ಮಾಡಿದ್ದಾಳೆ. ಒಳಗೆ ನನ್ನದೇ ಹೆಸರು, ನನ್ನದೇ ಗುಪ್ತಪದ. ತುಂಬಿದೆ. ‘ಏಳು ದಿನದೊಳಗೆ ಬಳಸದ ಕಾರಣ ಈ ಹೆಸರನ್ನು ರದ್ದುಪಡಿಸಲಾಗಿದೆ. ಚಾಲನೆಗೆ ಇದೇ ಹೆಸರಿನ ಪೆಟ್ಟಿಗೆಯಿಂದ ಪತ್ರ ಬರೆಯಿರಿ’ ಎಂದು ಪರದೆಯ ಮೇಲೆ ಬಂತು. ಈ ಹೆಸರಿನ ಪೆಟ್ಟಿಗೆ ತೆರೆಯಬೇಕಾದರೆ ಈ ಹೆಸರಿಗೆ ಚಾಲನೆ ಬೇಕು. ಸಹಾಯವಾಣಿಗೆ ಫೋನ್ ಮಾಡಿದೆ. "ತಾತಾ, ಮತ್ತೆ ನೀವಾ?" ಎಂದಳು.

ಬೇರೆ ದಾರಿ ಇಲ್ಲ. ಗ್ರಾಹಕ ಒಂದಾಗಿಯೇ ಇರಬೇಕು.

ಮಾರ್ಚ್ ೧೨, ಗುರುವಾರ

ಹೆಡ್ ನರ್ಸ್ ಡ್ಯೂಟಿ ಪಟ್ಟಿ ಹಾಕಿದ್ದಾರೆ. ಬೆಳಗ್ಗೆ ಆರರಿಂದ ಶುರು, ತಲಾ ಒಂದು ಗಂಟೆ ಇಪ್ಪತ್ತು ನಿಮಿಷ. ನನ್ನದು ಮೂರನೇ ಪಾಳಿ, ಎಂಟೂ ನಲವತ್ತರಿಂದ ಹತ್ತು. ಮುಗಿಸಿ ಹೋಗುವವರು ಬರುವವರಿಗೆ ಒಂದು ಸಾಲು ಬರೆದಿಟ್ಟು ಹೋಗಬೇಕಂತೆ, ವಾರ್ಡಿನಲ್ಲಿ ಮಾಡುವ ಹಾಗೆ. ಪಾಳಿ ಮೀರಿ ಕೂತವರ ಹೆಸರನ್ನು ಪಟ್ಟಿಯ ಕೆಳಗೆ ಹಾಕುತ್ತಾರಂತೆ. ಎಲ್ಲರ ಹೆಸರೂ ಒಂದೇ ಅಲ್ಲವೇ ಎಂದು ದಂತವೈದ್ಯರು ಕೇಳಿದರು. ‘ಯಾರಿಗೆ ತಾಕಬೇಕೋ ಅವರಿಗೆ ತಾಕುತ್ತೆ’ ಎಂದು ಉತ್ತರ ಬಂತು.

ಇವತ್ತು ಒಂದು ಗಂಟೆ ಇಪ್ಪತ್ತು ನಿಮಿಷ ಲೈನು ಒಮ್ಮೆಯೂ ಕಡಿಯಲಿಲ್ಲ. ಹಸಿರು ದೀಪ ನೋಡುತ್ತಾ ಕೂತಿದ್ದೆ, ಮಾಡಲು ಬೇರೇನೂ ಕೆಲಸ ಇರಲಿಲ್ಲ. ಬೀಗದವರು ನನಗೆ ಬರೆದಿಟ್ಟ ಸಾಲು: ‘ಎಲ್ಲಾ ಸರಿಗಿದೆ. ಕೀಲಿಮಣೆ ಒರಸಿಟ್ಟಿದೀನಿ.’ ಅವರ ಮನೆಯ ಕೀಲಿಮಣೆ ಒರೆಸಿದರೆ ನನಗೇನು ಲಾಭ. ಪಾಪ, ಒಳ್ಳೆಯ ಮನುಷ್ಯ.

ಮಾರ್ಚ್ ೧೪, ಶನಿವಾರ

ದಂತವೈದ್ಯರು ಒಂದು ಪ್ರಶ್ನೆ ಎತ್ತಿದರು. ‘ಲಕೋಟೆಯಲ್ಲಿ ಇರುವುದನ್ನು ತುಂಬಿ ಎಂದು ಪುಸ್ತಕದಲ್ಲಿ ಒಂದು ಸಾಲು ಹಾಕಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಆ ಸಾಲು ಎಲ್ಲಿ ಹೋಯಿತು?’

ಕೂಡಲೇ ಗೊತ್ತಾಯಿತು ಯಾರ ಕೆಲಸ ಎಂದು. ನಮ್ಮ ಪ್ರೆಸ್ಸಿನಲ್ಲಿ ಪುಟ ಜೋಡಿಸುವವರನ್ನು ಎಲ್ಲರೂ ಪುಟದಮ್ಮ ಎನ್ನುತ್ತೇವೆ. ಇಪ್ಪತ್ತೆರಡು ವರ್ಷದಿಂದ ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ಸಾಲು ನುಂಗುವುದು, ಅಂಕಿ ಜಾರಿಸುವುದು ಅವರಿಗೆ ಹೊಸತಲ್ಲ. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ.

"ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಒಂದು ಸಾಲು ನುಂಗಿದೀರಲ್ಲ, ಹನ್ನೊಂದು ಜನ ಬೀದಿಗೆ ಬಿದ್ದಿದೀವಿ."

ಪೂರ್ತಿ ಕೇಳಿಸಿಕೊಂಡರು. "ಮುಗೀತಾ?" ಎಂದರು. "ಪುಸ್ತಕ ಮೂವತ್ಮೂರನೇ ಪುಟಕ್ಕೆ ಹೋಗ್ತಿತ್ತು. ಒಂದು ಸಾಲಿಗೋಸ್ಕರ ಇನ್ನೂ ಹದಿನಾರು ಪುಟದ ಫಾರಂ ಯಾರು ಅಚ್ಚು ಹಾಕ್ತಾರೆ ಅಂದೋರು ನೀವು. ಅಕ್ಷರ ಸಣ್ಣ ಮಾಡ್ತೀನಿ, ಸಾಲು ಇರ್ಲಿ ಅಂದೋಳು ನಾನು. ಕೆಂಪು ಶಾಯೀಲಿ ಹೊಡೆದು ಪಕ್ಕದಲ್ಲಿ ಒಂದು ಮಾತೂ ಬರೆದಿದ್ರಿ."

"ಏನಂತ?"

"‘ಓದುಗರು ಅಷ್ಟು ದಡ್ಡರಲ್ಲ’ ಅಂತ."

ಅವರು ಹೇಳುತ್ತಿದ್ದ ಹಾಗೇ ಆ ಹಾಳೆ ಕಣ್ಣ ಮುಂದೆ ಬಂತು. ಫೋನ್ ಇಟ್ಟೆ.

ಮಾರ್ಚ್ ೧೬, ಸೋಮವಾರ

ಬಿಸಿಲು ಜಾಸ್ತಿ. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ ೧೭, ಮಂಗಳವಾರ

ಇವತ್ತೂ ಇಲ್ಲ. ಕೇಬಲ್ ಎಡವಿ ಬಿದ್ದೆ.

ಮಾರ್ಚ್ ೧೯, ಗುರುವಾರ

ಪಾಳಿಯಲ್ಲಿ ಕೂತಾಗ ಬೀಗದವರ ಸಾಲು: ‘ಏನ್ ಸಾರ್, ನಾಲ್ಕೈದು ದಿನದಿಂದ ನಮ್ಮ ತಪ್ಪು ತಿದ್ತಿಲ್ಲ, ಉಷಾರಿಲ್ವಾ?’ ‘ಉಷಾರು’ ಅಲ್ಲ, ‘ಹುಷಾರು’. ತಿದ್ದಲಿಲ್ಲ. ಚೆನ್ನಾಗಿದ್ದೇನೆ ಎಂದು ಬರೆದೆ. ನರ್ಸಮ್ಮ ಅದನ್ನು ನಂಬದೆ, ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ ಎಂದು ಕೇಳಿ ಇನ್ನೊಂದು ಪತ್ರ ಹಾಕಿದ್ದಾರೆ. ದಂತವೈದ್ಯರ ಪಾಳಿ ನನ್ನ ನಂತರದ್ದು. ಹತ್ತು ನಿಮಿಷ ಬೇಕಾದರೆ ಜಾಸ್ತಿ ಇಟ್ಟುಕೊಳ್ಳಿ ಎಂದಿದ್ದಾರೆ.

ಆ ಸಾಲು ಹೊಡೆದವನು ನಾನೇ ಎಂದು ಇವರಿಗೆ ಹೇಳಿಲ್ಲ. ಹೇಳುವ ಸಂದರ್ಭ ಬರಲಿಲ್ಲ.

ಮಾರ್ಚ್ ೨೩, ಸೋಮವಾರ

ಕಂಪನಿಯ ಪತ್ರ. ‘ನಮ್ಮ ಅತ್ಯಂತ ಹಿರಿಯ ಗ್ರಾಹಕರಾದ ತಾವು ಇಳಿವಯಸ್ಸಿನಲ್ಲೂ ದಿನಕ್ಕೆ ಹದಿನಾಲ್ಕೂವರೆ ಗಂಟೆಗೂ ಹೆಚ್ಚು ನಮ್ಮ ಸೇವೆ ಬಳಸುತ್ತಿರುವುದು ಹೆಮ್ಮೆಯ ವಿಷಯ. ತಮ್ಮ ಮನೆಗೆ ಬಂದು ಗೋಡೆ ಗಡಿಯಾರ ಕೊಟ್ಟು, ಫೋಟೋ ತೆಗೆಸಿಕೊಳ್ಳಬೇಕೆಂದಿದ್ದೇವೆ.’

ಯಾರು ತಾತನಾಗಿ ಕೂರಬೇಕೆಂದು ದಿನವಿಡೀ ಚರ್ಚೆ. ನಮ್ಮಲ್ಲಿ ವಯಸ್ಸಾದವರೆಂದರೆ ಎಪ್ಪತ್ತೆಂಟರ ಒಬ್ಬರು, ಕನ್ನಡಕದಂಗಡಿಯವರು. ನೂರಿಪ್ಪತ್ತಕ್ಕೆ ಇನ್ನೂ ನಲವತ್ತೆರಡು ಕಡಿಮೆ. ಮುಖಕ್ಕೆ ಸ್ವಲ್ಪ ಪೌಡರ್ ಹಚ್ಚಿ, ಮಾತಾಡದೆ ಕೂತರೆ ನಡೆಯುತ್ತದೆ ಎಂದು ನರ್ಸಮ್ಮ. ಮನೆ ಸಂಖ್ಯೆ ಒಂದನ್ನು ಎಲ್ಲಿಂದ ತರೋಣ ಎಂದು ಬೀಗದವರು. ನನಗೂ ನಗು ತಡೆಯಲಿಲ್ಲ. ಒಬ್ಬನೇ ಕೂತು ನಗುವುದನ್ನು ಇವಳು ಬಾಗಿಲಲ್ಲಿ ನಿಂತು ನೋಡಿ ಹೋದಳು.

ಮಾರ್ಚ್ ೨೭, ಶುಕ್ರವಾರ

ಗಡಿಯಾರ ಹೊತ್ತು ಹೊರಟ ಅಧಿಕಾರಿಗೆ ವಿಳಾಸ ಸಿಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಅವರದೇ ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಸಿಕ್ಕಿತು. ಎಲ್ಲ ಬಯಲಾಯಿತು. ನಮಗೆ ಬಂದ ಪತ್ರ: ‘ಮಾನ್ಯ ಗ್ರಾಹಕ ೧, ತಾವು ಉದಾಹರಣೆ ಎಂದು ತಿಳಿದುಬಂದಿದೆ. ಮಾರ್ಚ್ ೩೧ರಂದು ಸಂಜೆ ನಾಲ್ಕು ಗಂಟೆಗೆ ತಮ್ಮನ್ನು ಮುಕ್ತಾಯಗೊಳಿಸಲಾಗುವುದು. ಇಷ್ಟು ದಿನದ ಒಡನಾಟಕ್ಕೆ ಧನ್ಯವಾದ.’ ಹೊಸ ಲಕೋಟೆಗಳು ಏಪ್ರಿಲ್ ಹತ್ತರ ನಂತರವಂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನ ಮ್ಯಾನೇಜರ್ ಫೋನ್. "ಕಂಪನಿಯವರು ಕೆಂಡ ಆಗಿದಾರೆ. ಕೈಪಿಡಿ ಮತ್ತೆ ಅಚ್ಚು ಹಾಕ್ಬೇಕು, ಮೊದಲನೇ ಪುಟದಲ್ಲೇ ತಪ್ಪೊಪ್ಪಿಗೆ ಹಾಕ್ಬೇಕಂತೆ. ತಪ್ಪು ಮಾಡಿದೋರ ಹತ್ರ ಇನ್ಮೇಲೆ ಕೆಲ್ಸ ಮಾಡ್ಸಲ್ಲ ಅಂತ ಬರೆದೂ ಕೊಟ್ಟಿದೀನಿ."

"ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

"ಪುಟದಮ್ಮನೇ, ಇನ್ಯಾರು. ಹಳೇ ಕರಡೆಲ್ಲ ರದ್ದಿಗೆ ಹೋಗಿದೆ, ಆದ್ರೆ ಕೊನೇಗೆ ಪುಟ ಕೈ ದಾಟಿಸೋರು ಅವರೇ ಅಲ್ವಾ. ಕೇಳಿದ್ರೆ ಮಾತಾಡಲ್ಲ. ಸುಮ್ನೆ ನಿಂತ್ಕೊಂಡಿರ್ತಾರೆ."

ಸಂಜೆ ಪುಟದಮ್ಮನಿಗೆ ಫೋನ್ ಮಾಡಿದೆ. "ನೀವ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳೋಕೆ ನಿಮಗೂ ಬಾಯಿದೆ. ನಿಮ್ಮ ಕೆಲ್ಸ ನಾನ್ಯಾಕೆ ಮಾಡ್ಲಿ?" ಎಂದರು. ಆಮೇಲೆ ಮೆಲ್ಲಗೆ, "ನಂಗೆ ಇನ್ನೂ ಎಂಟು ವರ್ಷ ಸರ್ವೀಸಿತ್ತು" ಎಂದರು.

ನನಗೂ ಆರು ವರ್ಷ ಇದೆ.

ಮಾರ್ಚ್ ೩೦, ಸೋಮವಾರ

ಪರೀಕ್ಷೆಯ ಕರಡು ನಿನ್ನೆ ನನ್ನ ಪಾಳಿ ಮುಗಿದ ಮೇಲೆ ಬಂದಿತ್ತು. ಅದೇ ಕೈಪಿಡಿ, ಎರಡನೇ ಮುದ್ರಣ. ಮೊದಲ ಪುಟದಲ್ಲಿ ಚೌಕಟ್ಟಿನೊಳಗೆ: ‘ಹಿಂದಿನ ಮುದ್ರಣದಲ್ಲಿ ಪುಟ ಜೋಡಿಸಿದವರ ತಪ್ಪಿನಿಂದ ಒಂದು ಮುಖ್ಯ ಸಾಲು ಬಿಟ್ಟುಹೋಗಿ ಗ್ರಾಹಕರಿಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ.’

ಪೆಟ್ಟಿಗೆ ಹನ್ನೊಂದು ಜನರದ್ದೂ ಆದ್ದರಿಂದ ನನಗಿಂತ ಮೊದಲು ಉಳಿದವರೇ ಓದಿ ಮುಗಿಸಿದ್ದರು. ಬೀಗದವರು ಎರಡು ಅಕ್ಷರದೋಷ ಹುಡುಕಿಟ್ಟಿದ್ದಾರೆ. ಒಂದು ನಿಜವಾಗಿಯೂ ದೋಷ. ನರ್ಸಮ್ಮ ಬರೆದಿದ್ದಾರೆ: ‘ಆ ಪುಟ ಜೋಡಿಸಿದ ಮಹಾತಾಯಿ ಕೈಗೆ ಸಿಗಲಿ, ಸೂಜಿ ಮೊಂಡು ಮಾಡಿ ಚುಚ್ಚುತೀನಿ. ನನ್ನ ಒಂದು ತಿಂಗಳು ಹಾಳು.’ ಒಂಬತ್ತು ಜನ ‘ಹೌದು ಹೌದು’ ಎಂದು ಸೇರಿಸಿದ್ದಾರೆ. ಹತ್ತನೆಯವನ ‘ಹೌದು’ಗೆ ಕಾಯುತ್ತಿದ್ದಾರೋ ಏನೋ. ನಾನು ಏನೂ ಬರೆಯಲಿಲ್ಲ.

ಮೂವತ್ತೆರಡು ಪುಟ ತಿದ್ದಿ ಮುಗಿಸಿದೆ. ಹತ್ತೊಂಬತ್ತು ತಪ್ಪು. ಪುಟ, ಸಾಲು, ಈಗ ಇರುವುದು, ಆಗಬೇಕಾದದ್ದು ಎಂದು ನಾಲ್ಕು ಅಂಕಣ ಮಾಡಿ ಪಟ್ಟಿ ಹಾಕಿದ್ದೇನೆ. ಮೊದಲ ಪುಟದ ಚೌಕಟ್ಟಿನಲ್ಲಿ ಕಾಗುಣಿತ ಎಲ್ಲ ಸರಿಯಾಗಿದೆ.

ಮಾರ್ಚ್ ೩೧, ಮಂಗಳವಾರ

ಬೆಳಗ್ಗೆ ನನ್ನ ಪಾಳಿಯಲ್ಲಿ ಕಳಿಸಬಹುದಿತ್ತು. ಎಂಟೂ ನಲವತ್ತರಿಂದ ಹತ್ತರವರೆಗೆ ಪಟ್ಟಿ ತೆರೆದಿಟ್ಟುಕೊಂಡು ಕೂತೆ. ಕಳಿಸಲಾಗಲಿಲ್ಲ. ಹತ್ತಕ್ಕೆ ದಂತವೈದ್ಯರು ಬಂದರು, ನಾನು ಆಚೆ ಬಿದ್ದೆ.

ಇವಳಿಗೆ ಎಲ್ಲ ಹೇಳಿದೆ, ಕೆಂಪು ಶಾಯಿಯಿಂದ ಹಿಡಿದು. ಬೈಯುತ್ತಾಳೆ ಅಂದುಕೊಂಡಿದ್ದೆ. ಕಾರಿನ ಕೀ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಕೆಲ್ಸ ಹೋದ್ರೆ ಹೋಗ್ಲಿ ಅಂತ ನಾನು ಹೇಳಲ್ಲ ರೀ. ಹೋದ್ರೆ ಕಷ್ಟಾನೇ. ಆದ್ರೆ ಆರು ವರ್ಷ ಈ ಮುಖ ಹಾಕ್ಕೊಂಡು ಎದುರಿಗೆ ಕೂತ್ಕೋಬೇಡಿ. ನಂಗೆ ಆಗಲ್ಲ."

"ಯಾವ ಮುಖ?"

"ಹದಿನೈದು ದಿನದಿಂದ ಹಾಕ್ಕೊಂಡಿದೀರಲ್ಲ, ಅದೇ."

ಅವಳಿಗೆ ಗೊತ್ತಾಗಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಮೂರು ಗಂಟೆಗೆ ನರ್ಸಮ್ಮನಿಗೆ ಫೋನ್ ಮಾಡಿದೆ. ನಂಬರ್ ಡ್ಯೂಟಿ ಪಟ್ಟಿಯಲ್ಲೇ ಇತ್ತು. ದನಿ ಕೇಳಿದ್ದು ಇದೇ ಮೊದಲು. ಪತ್ರಕ್ಕಿಂತ ಮೆತ್ತಗಿದೆ.

"ಕರಡು ಕಳಿಸ್ಬೇಕು, ಮೂವತ್ತೆರಡು ಪುಟ, ಅರ್ಧ ಗಂಟೆ ಹಿಡಿಯುತ್ತೆ. ಪಾಳಿ ನನ್ನದಲ್ಲ" ಎಂದೆ.

"ಬೆಳಗ್ಗೆ ಏನ್ ಮಾಡ್ತಿದ್ರಿ?"

"ಕೂತಿದ್ದೆ."

"ಸರಿ. ಹತ್ತು ನಿಮಿಷ ಕೊಡಿ" ಎಂದರು. ಒಬ್ಬೊಬ್ಬರಿಗೂ ಫೋನ್ ಮಾಡಿ, ಗೋಡೆಯಿಂದ ಕೇಬಲ್ಲೇ ಕಿತ್ತಿಡಿಸಿದರಂತೆ. ಕನ್ನಡಕದಂಗಡಿಯವರಿಗೆ ಯಾವುದು ಕೇಬಲ್ ಎಂದು ತಿಳಿಯದೆ ಮನೆಯ ಮೇನ್ ಸ್ವಿಚ್ಚೇ ಆರಿಸಿದರಂತೆ. ಇದನ್ನೆಲ್ಲ ಆಮೇಲೆ ಬೀಗದವರು ಹೇಳಿದರು.

ಮೂರೂ ಹನ್ನೆರಡಕ್ಕೆ ಕೂತೆ. ಪಟ್ಟಿಗೆ ಇಪ್ಪತ್ತನೆಯದನ್ನು ಸೇರಿಸಿದೆ. ಪುಟ ೧, ಸಾಲು ೨. ಈಗ ಇರುವುದು: ಪುಟ ಜೋಡಿಸಿದವರ. ಆಗಬೇಕಾದದ್ದು: ಕರಡು ತಿದ್ದಿದವರ. ಮೂರೂ ನಲವತ್ತೊಂದಕ್ಕೆ ಪೂರ್ತಿ ಹೋಯಿತು. ಹಸಿರು ದೀಪ ಒಮ್ಮೆಯೂ ಮಿಟುಕಲಿಲ್ಲ.

ಪೆಟ್ಟಿಗೆ ಒಂದೇ ಆದ್ದರಿಂದ ಕಳಿಸಿದ್ದು ಎಲ್ಲರಿಗೂ ಕಾಣುತ್ತದೆ. ನಾನು ಬಿಟ್ಟುಕೊಟ್ಟ ಮೇಲೆ ನರ್ಸಮ್ಮ ಒಳಗೆ ಬಂದು ಓದಿರಬೇಕು. ಮೂರೂ ಐವತ್ತೈದಕ್ಕೆ ನಾನು ಕೊನೆಯ ಸಲ ನೋಡಿದಾಗ ಅವರದ್ದೊಂದು ಪತ್ರ ಇತ್ತು. ‘ಓದಿದೆ. ಸೂಜಿ ಚುಚ್ಚೋದು ಕ್ಯಾನ್ಸಲ್ ಮಾಡಿಲ್ಲ, ಆಸಾಮಿ ಮಾತ್ರ ಬದಲಾಗಿದಾನೆ. ಭಾನುವಾರ ನಮ್ಮನೇಲಿ ಎಲ್ಲಾ ಸೇರ್ತಿದೀವಿ. ನೀವು ತಪ್ಪಿಸ್ಕೊಂಡ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ.’

ನಾಲ್ಕಕ್ಕೆ ದೀಪ ಆರಿತು.

ನಾಲ್ಕೂ ಮುಕ್ಕಾಲಿಗೆ ಮ್ಯಾನೇಜರ್. "ಹೊತ್ತಿಗೆ ಸರಿಯಾಗಿ ಬಂತು, ಭೇಷ್. ಎಲ್ಲಾ ನೀಟಾಗಿದೆ. ಇಪ್ಪತ್ತನೇದೊಂದು ಮಾತ್ರ ಏನೋ ಕೈತಪ್ಪಿ ಬಂದಿದೆ ಅನ್ಸುತ್ತೆ. ತೆಗೆದುಬಿಡ್ಲಾ?"

ಕೈತಪ್ಪಿದ್ದಲ್ಲ ಎಂದು ಅವರಿಗೂ ಗೊತ್ತಿತ್ತು. ದನಿಯಲ್ಲೇ ತಿಳಿಯುತ್ತಿತ್ತು. ನಾನು ‘ಹೂಂ’ ಅಂದಿದ್ದರೆ ಆಗುತ್ತಿತ್ತು.

"ಉಳಿದ ಹತ್ತೊಂಬತ್ತು ಬೇಕಾದ್ರೆ ತೆಗೀರಿ ಸರ್. ಅದೊಂದು ಇರ್ಲಿ" ಎಂದೆ.

ಹಾಗಿದ್ದರೆ ಕಂಪ್ಯೂಟರ್ ತೆಗೆದುಕೊಂಡು ಹೋಗಲು ಗುರುವಾರ ಜನ ಕಳಿಸುತ್ತೇನೆ ಎಂದರು. ಸರಿ ಎಂದೆ.

ಏಪ್ರಿಲ್ ೧, ಬುಧವಾರ

ಬೆಳಗ್ಗೆ ಎಂಟೂ ನಲವತ್ತಕ್ಕೆ ಮೇಜಿನ ಮುಂದೆ ಹೋಗಿ ಕೂತೆ. ಮಾಡುವುದಕ್ಕೆ ಏನೂ ಇರಲಿಲ್ಲ. ಹತ್ತಕ್ಕೆ ಎದ್ದೆ.

ಮಧ್ಯಾಹ್ನ ಎರಡಕ್ಕೆ ಪುಟದಮ್ಮನ ಫೋನ್ ಬಂತು. ಎತ್ತಿದೆ. ಅತ್ತ ಕಡೆ ಪ್ರೆಸ್ಸಿನ ಯಂತ್ರ ಓಡುವ ಸದ್ದು ಕೇಳಿಸುತ್ತಿತ್ತು. ಅವರು ಕೆಲಸದಲ್ಲೇ ಇದ್ದಾರೆ ಎಂದು ಅದರಿಂದಲೇ ತಿಳಿಯಿತು.

"ಊಟ ಆಯ್ತಾ?" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

"ಆಯ್ತು" ಎಂದೆ. "ನಿಮ್ದು?"

"ಆಯ್ತು" ಎಂದರು. ಆಮೇಲೆ ಅವರೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.